ಏಳನೇ ಆರತಕ್ಷತೆ: ಕುಂಯ್ ಅನ್ನುವ ಮೈಕ್ ಕೊನೆಗೂ ಸುಮ್ಮನಾಯಿತು

ಮೊನ್ನೆ ಭಾನುವಾರ ದಾವಣಗೆರೆಯಲ್ಲಿ ಏಳನೇ ನಿರೂಪಣೆ ಮುಗಿಸಿ ಬಂದೆ. ಸ್ವಾಗತದ ಮಾತು, ಎರಡೂ ಕಡೆಯ ಹಿರಿಯರ ಪಟ್ಟಿ, ಊಟದ ಪಂಕ್ತಿ ಬಿಡುವ ಹೊತ್ತು, ಇದನ್ನೆಲ್ಲ ಮತ್ತೆ ಬರೆಯಲ್ಲ. ಇವತ್ತು ಬರೆಯಬೇಕಿರೋದು ಆ ಹಾಳು ಕುಂಯ್ ಬಗ್ಗೆ.

ಐದನೇ ಆರತಕ್ಷತೆ ನೆನೆಸಿಕೊಂಡರೆ ಈಗಲೂ ಬೆವರು ಬರುತ್ತೆ. ಹುಡುಗಿಯ ಅಜ್ಜನನ್ನು ವೇದಿಕೆಗೆ ಕರೆಯಲು ಬಾಯಿ ತೆಗೆದೆ. ಕುಂಯ್ಯ್ಯ್! ಅಜ್ಜ ಕಿವಿಯಲ್ಲಿದ್ದ ಹಿಯರಿಂಗ್ ಏಡ್ ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ಎಷ್ಟು ಕೂಗಿದರೂ ಅವರಿಗೆ ಕೇಳಿಸಲೇ ಇಲ್ಲ.

ಸೌಂಡ್‌ನವನನ್ನು ಕೇಳಿದರೆ 'ಹಾಲ್ ಹಂಗೈತಿ ಸಾರ್' ಅಂದ. ಛತ್ರದ ನೆಲ ಗ್ರಾನೈಟು, ಗೋಡೆ ಟೈಲ್ಸು, ಸದ್ದು ಚೆಂಡಿನ ಹಾಗೆ ಪುಟಿಯುತ್ತೆ. ಅದು ನಿಜವೇ. ಆದರೆ ಅವನು ಕೊಟ್ಟ ಕಾರ್ಡ್‌ಲೆಸ್ ಮೈಕಿನ ಸೆಲ್ ಅರ್ಧ ಸತ್ತಿತ್ತು, ಅದನ್ನು ಹೇಳಲಿಲ್ಲ. ರೇಗಿ ಹೋಗಿ ನನ್ನದೇ ಶೂರ್ ಎಸ್‌ಎಂ58 ತಗೊಂಡೆ. 1966ರಿಂದ ಹಾಡುಗಾರರು, ಭಾಷಣಕಾರರು ಎಲ್ಲರೂ ಹಿಡಿದು ಪಳಗಿದ ಮೈಕ್. ಆರನೇ ಮದುವೆಯಲ್ಲಿ ಅದೂ ಕುಂಯ್ ಅಂತು! ಮನೆಯಲ್ಲಿ ಇದರ ಬೆಲೆ ಎಷ್ಟು ಅಂತ ಇನ್ನೂ ಹೇಳಿಲ್ಲ.

ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತು ಹೊಡೆಯುತ್ತೆ ಅನ್ನೋದು ನಮಗೆಲ್ಲ ಗೊತ್ತು. ನನ್ನ ತಲೆ ತಿಂದಿದ್ದು ಬೇರೆ. ಅದೇ ಮೈಕಲ್ಲಿ ಆರ್ಕೆಸ್ಟ್ರಾ ಹುಡುಗ ನಾಲ್ಕು ಹಾಡು ಹೇಳಿದ, ಒಂದು ಸಲವೂ ಕಿರುಚಲಿಲ್ಲ. ನನಗೆ ಮಾತ್ರ ಯಾಕೆ?

ಉತ್ತರ ಸಿಕ್ಕಿದ್ದು ವಿಡಿಯೋದಲ್ಲಿ. ಕುಂಯ್ ಅಂದ ಜಾಗಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದೆ. ಪ್ರತಿ ಸಲವೂ ಯಾರೋ ಸೋದರಮಾವ ಬಂದು ನನ್ನ ಕಿವಿಯಲ್ಲಿ 'ನಮ್ಮ ಬೀಗರ ಹೆಸರು ಬಿಟ್ರಲ್ಲ' ಅಂತಾರೆ. ಗುಟ್ಟು ಜನಕ್ಕೆ ಕೇಳಿಸಬಾರದು ಅಂತ ನಾನು ಅಂಗೈಯಿಂದ ಮೈಕಿನ ತಲೆ ಮುಚ್ಚುತ್ತೇನೆ. ಕುಂಯ್!

ಮುಚ್ಚಿದರೆ ಸದ್ದು ನಿಲ್ಲಬೇಕು ಅಂತ ತಾನೇ ಅನ್ಸೋದು? ಆಗೋದು ಉಲ್ಟಾ. ನನ್ನದು ಕಾರ್ಡಿಯಾಯ್ಡ್ ಮೈಕ್, ಅಂದರೆ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು. ಅದರೊಳಗೆ ಹಿಂಬದಿಯಿಂದಲೂ ಗಾಳಿಗೆ ದಾರಿ ಇರುತ್ತೆ. ಹಿಂದಿನಿಂದ ಬರುವ ಸದ್ದು ಅಲ್ಲೇ ಒಂದಕ್ಕೊಂದು ಹೊಡೆದುಕೊಂಡು ಅಡಗುತ್ತೆ. ಆ ದಾರಿ ಮುಚ್ಚಿದರೆ ಮೈಕಿಗೆ ಎಲ್ಲ ದಿಕ್ಕಿಗೂ ಕಿವಿ ಬರುತ್ತೆ. ಸ್ಪೀಕರಿನ ಕಡೆಗೂ.

ಮೈಕಿನ ಕುತ್ತಿಗೆಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದೆ. ಕೈ ಅದರ ಮೇಲೆ ಹೋಗಬಾರದು. ಗುಟ್ಟು ಹೇಳುವವರು ಬಂದರೆ ಸ್ವಿಚ್ ಆಫ್. ಮೊದಲು ಮೈಕನ್ನು ಬಾಯಿಂದ ಎಂಟು ಇಂಚು ದೂರ ಹಿಡಿಯುತ್ತಿದ್ದೆ, ಈಗ ಎರಡೇ ಇಂಚು. ಸುಮಾರು 12 ಡೆಸಿಬೆಲ್ ಲಾಭ, ಸೌಂಡ್‌ನವನು ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಅಷ್ಟು ಇಳಿಸಬಹುದು. ಸ್ಪೀಕರುಗಳನ್ನು ವೇದಿಕೆಗಿಂತ ಮುಂದಕ್ಕೆ ಎಳೆಸಿದೆ. ಹೂವಿನ ಡೆಕೋರೇಷನ್‌ನವನು 'ಫೋಟೋಗೆ ಅಡ್ಡ' ಅಂತ ಜಗಳಕ್ಕೇ ಬಂದ. ಕಮಾನು ಹಾಕೋಕೆ ಎರಡು ಗಂಟೆ ತಡವಾಗಿ ಬಂದವನು, ಮಾತು ಮಾತ್ರ ಜೋರು.

ಭಾನುವಾರ ಎರಡೂವರೆ ಗಂಟೆ ಮಾತಾಡಿದೆ. ನನ್ನ ಕೈಯಲ್ಲಿ ಒಂದು ಸಲವೂ ಕುಂಯ್ ಇಲ್ಲ!

ಈ ಮಧ್ಯೆ ಮುಂದಿನ ಕೆಲಸವೂ ಹೊಳೆಯಿತು. 'ಮೊದಲು ಪ್ರೊಪೋಸ್ ಮಾಡಿದ್ದು ಯಾರು' ಅನ್ನೋ ಆಟ ಹಳಸಿದೆ, ಅಲ್ವಾ? ಅದರ ಬದಲು ಒಡಪಿನ ಸುತ್ತು, ಅಂದರೆ ಗಂಡನ ಅಥವಾ ಹೆಂಡತಿಯ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳೋದು. ಹುಡುಗಿಗಿಂತ ಮೊದಲು ಮನೆಯ ಹಿರಿಯರಿಂದ ಶುರು. ಭಾನುವಾರ ಸುಮ್ನೆ ಪರೀಕ್ಷೆಗೆ ಅಂತ ಹುಡುಗನ ಅಜ್ಜಿಗೆ ಮೈಕ್ ಕೊಟ್ಟೆ. ಅಜ್ಜಿ ತಡವರಿಸದೆ ಒಡಪು ಹಾಕಿ ಗಂಡನ ಹೆಸರು ಹೇಳಿದರು. ನಾಚಿಕೊಂಡಿದ್ದು ಎದುರಿಗೆ ಕೂತಿದ್ದ ಅಜ್ಜ. ಊಟದ ಸಾಲಿನಲ್ಲಿ ನಿಂತವರೂ ತಿರುಗಿ ನೋಡಿದರು. ಒಡಪುಗಳನ್ನು ಬರೆದುಕೊಳ್ಳೋಕೆ ಒಂದು ನೋಟ್‌ಬುಕ್ ತಂದಾಗಿದೆ.

ಆದರೆ ಅಜ್ಜಿ ಮೈಕನ್ನು ಸೌಟಿನ ಹಾಗೆ ಹಿಡಿಯಲಿಲ್ಲ, ಮುದ್ದೆಯ ಹಾಗೆ ಹಿಡಿದರು. ಎರಡೂ ಕೈ, ಟೇಪಿನ ಮೇಲೆ. ಗಂಡನ ಹೆಸರು ಬಂದ ತಕ್ಷಣ ಕುಂಯ್. ಅವರಿಗೆ ಟೇಪಿನ ನಿಯಮ ಹೇಳುವ ಧೈರ್ಯ ನನಗಿಲ್ಲ. ಒಡಪಿನ ಸುತ್ತಿಗೆ ಸ್ಟ್ಯಾಂಡ್ ಬೇಕು. ಸೌಂಡ್‌ನವನ ಹತ್ತಿರ ಇದೆಯಂತೆ, ಮೈಕ್ ಸಿಕ್ಕಿಸುವ ಕ್ಲಿಪ್ಪು ಮಾತ್ರ ಇಲ್ಲವಂತೆ.