ತಾಯಿಹಕ್ಕಿ ಸುತ್ತಿದ ಬಯಲು

ಅಮೆರಿಕದ ನಾಕ್ಸ್‌ವಿಲ್ ಪೇಟೆಯಿಂದ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ, ಟೆನೆಸಿ ನದಿಯ ನಡುಗಡ್ಡೆಯೊಂದರಲ್ಲಿ ಪುಟ್ಟ ವಿಮಾನ ನಿಲ್ದಾಣವಿದೆ. ರನ್‌ವೇ ಉದ್ದ 3,500 ಅಡಿ. ಮೂರು ಕಡೆ ಮರ, ಸುತ್ತ ನೀರು. ಸಾವಿರಾರು ಜನರಿಗೆ ವಿಮಾನ ಹಾರಿಸಲು ಕಲಿಸಿದ ಬೋಧಕಿ ಎವೆಲಿನ್ ಬ್ರಯನ್ ಜಾನ್ಸನ್ ಅವರ ನೆನಪಿನ ಹಾದಿ ಹಿಡಿಯುವವರು ಇಲ್ಲಿಂದಲೇ ಹೊರಡುವುದು ಒಳ್ಳೆಯದು. ಇವತ್ತು ಸೇತುವೆ ದಾಟಿದರೆ ಕಾರು ಹ್ಯಾಂಗರ್ ಬದಿಗೇ ಬಂದು ನಿಲ್ಲುತ್ತದೆ. 1944ರ ಅಕ್ಟೋಬರ್‌ನಲ್ಲಿ ಅವರು ಮೊದಲ ಪಾಠಕ್ಕೆ ಬಂದಾಗ ಅಷ್ಟು ಸಲೀಸಾಗಿರಲಿಲ್ಲ. ಮೊದಲು ರೈಲು, ಆಮೇಲೆ ಬಸ್ಸು, ನಂತರ 400 ಮೀಟರ್ ನಡಿಗೆ, ಕೊನೆಗೆ ಹುಟ್ಟು ಹಾಕುವ ದೋಣಿ. ಪತ್ರಿಕೆಯಲ್ಲಿ ಕಂಡ 'ಹಾರಲು ಕಲಿಯಿರಿ' ಎಂಬ ಜಾಹೀರಾತು ಅವರನ್ನು ಅಲ್ಲಿಗೆ ಎಳೆದು ತಂದಿತ್ತು. ಐದಾರು ವಾರದಲ್ಲಿ, ನವೆಂಬರ್ 8ರಂದು, ಒಬ್ಬರೇ ವಿಮಾನ ಹಾರಿಸಿ ಇಳಿಸಿದರು. ವಯಸ್ಸು ಆಗಷ್ಟೇ 35 ತುಂಬಿತ್ತು.

ಆ ಕಾಲದಲ್ಲಿ ಕಲಿಯುವವರ ವಿಮಾನವೆಂದರೆ ಹೆಚ್ಚಾಗಿ ಪೈಪರ್ ಜೆ-3 ಕಬ್. 65 ಅಶ್ವಶಕ್ತಿಯ ಎಂಜಿನ್, ಸುಮಾರು 45 ಲೀಟರ್ ಪೆಟ್ರೋಲ್, ಗಂಟೆಗೆ 120 ಕಿಲೋಮೀಟರ್ ವೇಗ. ಸ್ಟಾರ್ಟರ್ ಇಲ್ಲ, ಒಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಲ್ಲಿ ತಿರುವಬೇಕು. ಪೆಟ್ರೋಲ್ ಎಷ್ಟಿದೆ ಎಂದು ಹೇಳುವುದು ಟ್ಯಾಂಕಿನೊಳಗೆ ತೇಲುವ ಬಿರಡೆಗೆ ಸಿಕ್ಕಿಸಿದ ತಂತಿ. ತಂತಿ ತಗ್ಗಿದರೆ ಇಳಿಯುವ ಹೊತ್ತಾಯಿತೆಂದು ಅರ್ಥ. ಒಬ್ಬರೇ ಹಾರುವಾಗ ತೂಕ ಸರಿಹೋಗಲು ಹಿಂದಿನ ಸೀಟಿನಲ್ಲಿ ಕೂರಬೇಕು. ನೆಲದ ಮೇಲಿರುವಾಗ ಮೂತಿ ಮೇಲೆದ್ದಿರುವುದರಿಂದ ಮುಂದಿನದೇನೂ ಕಾಣದು. ಹಾವಿನಂತೆ ಅತ್ತಿತ್ತ ತಿರುಗಿಸುತ್ತಾ, ಬದಿಗಳಿಂದ ಇಣುಕುತ್ತಾ ಸಾಗಬೇಕು.

ಈ ಸುತ್ತಾಟಕ್ಕೆ ಕಾರು ಬೇಕೇ ಬೇಕು. ಮೊದಲು ಆಗ್ನೇಯಕ್ಕೆ, ಸೀವಿಯರ್‌ವಿಲ್‌ಗೆ ಹೋಗಿ. ಅಲ್ಲಿನ ವಿಮಾನ ನಿಲ್ದಾಣದ ಬದಿಯ ಟೆನೆಸಿ ವಾಯುಯಾನ ವಸ್ತುಸಂಗ್ರಹಾಲಯದಲ್ಲೇ ರಾಜ್ಯದ ವೈಮಾನಿಕರ ಗೌರವ ಸಭಾಂಗಣವೂ ಇದೆ. ಎವೆಲಿನ್ ಅವರ ಹೆಸರು ಅಲ್ಲಿ ಸೇರಿದ್ದು 2002ರಲ್ಲಿ. ರಾಷ್ಟ್ರಮಟ್ಟದ ಗೌರವ 2007ರಲ್ಲಿ ಬಂತು. ಒಳಗೆ 2,000 ಅಶ್ವಶಕ್ತಿಯ ಪಿ-47 ಯುದ್ಧವಿಮಾನ ಕಣ್ಣು ಸೆಳೆಯುತ್ತದೆ. ನೋಡಿ, ಆದರೆ ಇಡೀ ದಿನವನ್ನು ಇಲ್ಲೇ ಕಳೆಯಬೇಡಿ. ಈ ಹೆಂಗಸಿನ ಕೆಲಸ ಗಾಜಿನ ಪೆಟ್ಟಿಗೆಯಲ್ಲಿ ಸಿಗುವಂಥದ್ದಲ್ಲ.

ಅಲ್ಲಿಂದ ಉತ್ತರಕ್ಕೆ ಜೆಫರ್ಸನ್ ಸಿಟಿ. ಎವೆಲಿನ್ ಹುಟ್ಟಿದ್ದು 1909ರ ನವೆಂಬರ್ 4ರಂದು, ಕೆಂಟಕಿಯ ಕಾರ್ಬಿನ್‌ನಲ್ಲಿ. ಜಗತ್ತಿನಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆಗೆ, ಫ್ರಾನ್ಸಿನ ರೇಮಂಡ್ ದ ಲಾರೋಶ್‌ಗೆ, ಪೈಲಟ್ ಪರವಾನಗಿ ಸಿಕ್ಕಿದ್ದು ಅದಾದ ನಾಲ್ಕು ತಿಂಗಳ ಮೇಲೆ. ಶಾಲಾ ಶಿಕ್ಷಕಿಯಾಗಿದ್ದ ಎವೆಲಿನ್ ಮದುವೆಯಾದ ಬಳಿಕ ಗಂಡನೊಂದಿಗೆ ಜೆಫರ್ಸನ್ ಸಿಟಿಯಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದರು. ಯುದ್ಧಕಾಲದಲ್ಲಿ ಗಂಡ ಸೇನೆಗೆ ಹೋದಾಗ ಅಂಗಡಿಯ ಭಾರ ಇವರ ಮೇಲೆ ಬಿತ್ತು. ಹಾರಾಟ ಹಿಡಿದದ್ದು ಆ ದುಡಿಮೆಯ ನಡುವಿನ ಬಿಡುವಿಗೆ. 1947ರ ಹೊತ್ತಿಗೆ ಬೋಧಕಿಯ ಪರವಾನಗಿಯೂ ಕೈಯಲ್ಲಿತ್ತು. ಊರಿಗೆ ಹತ್ತಿರದಲ್ಲೇ ಹಾಲ್‌ಸ್ಟನ್ ನದಿಗೆ ಕಟ್ಟಿದ ಚೆರೋಕಿ ಅಣೆಕಟ್ಟು ಇದೆ. ಅದರ ಹಿನ್ನೀರು ಈ ಕಣಿವೆಯ ಹಾರಾಟವನ್ನು ಆಳುತ್ತದೆ, ಆ ಮಾತು ಮುಂದೆ ಬರುತ್ತದೆ.

11ಇ ಹೆದ್ದಾರಿಯಲ್ಲಿ ಈಶಾನ್ಯಕ್ಕೆ ಸಾಗಿದರೆ ಮಾರಿಸ್‌ಟೌನ್ ಪೇಟೆಗೆ ಮೊದಲೇ ಮೂರ್-ಮರೆಲ್ ವಿಮಾನ ನಿಲ್ದಾಣ ಸಿಗುತ್ತದೆ. ಒಂದೇ ರನ್‌ವೇ, ಸುಮಾರು 5,700 ಅಡಿ ಉದ್ದ, 100 ಅಡಿ ಅಗಲ. ಎರಡು ತುದಿಗಳ ಅಂಕಿ 5 ಮತ್ತು 23, ಅಂದರೆ ದಿಕ್ಸೂಚಿಯಲ್ಲಿ 50 ಮತ್ತು 230 ಡಿಗ್ರಿ. 1953ರಿಂದ ಎವೆಲಿನ್ ಇದರ ವ್ಯವಸ್ಥಾಪಕಿಯಾಗಿದ್ದರು. ಊರಿನವರಿಗೆ ಅವರು 'ಮಾಮಾ ಬರ್ಡ್', ತಾಯಿಹಕ್ಕಿ.

ಬೇಲಿಯ ಹೊರಗೆ ನಿಂತು ಒಂದು ಲೆಕ್ಕ ಹಾಕಿ. ಅವರು ಗಾಳಿಯಲ್ಲಿ ಕಳೆದದ್ದು 57,635 ಗಂಟೆ. ಮಹಿಳೆಯರಲ್ಲಿ ಅದು ಗಿನ್ನೆಸ್ ದಾಖಲೆ. ಒಟ್ಟುಗೂಡಿಸಿದರೆ ಆರೂವರೆ ವರ್ಷ. ಐವತ್ತು ವರ್ಷಕ್ಕೆ ಹಂಚಿದರೂ ವರ್ಷಕ್ಕೆ 1,150 ಗಂಟೆ ಆಗುತ್ತದೆ. ಅಮೆರಿಕದ ದೊಡ್ಡ ಏರ್‌ಲೈನ್ ಪೈಲಟ್‌ಗೆ ಕಾನೂನು ಹಾಕಿದ ಮಿತಿಯೇ ವರ್ಷಕ್ಕೆ 1,000 ಗಂಟೆ. ಅವರ ಗಂಟೆಗಳು ಸಾಗರ ದಾಟುವಾಗ ಒಟ್ಟೊಟ್ಟಿಗೆ ಕೂಡಿಬಂದವಲ್ಲ. ಬಹುಪಾಲು ಇಂಥ ಬಯಲಿನ ಸುತ್ತ, ಒಂದೊಂದೇ ಪಾಠವಾಗಿ, ಬೇರೆಯವರ ಕೈಗೆ ಚುಕ್ಕಾಣಿ ಕೊಟ್ಟು ಕಳೆದವು. ನಮ್ಮ ದೃಷ್ಟಿಯಲ್ಲಿ ದಾಖಲೆಯ ತೂಕ ಇರುವುದು ಇಲ್ಲೇ. ದೂರ ಹಾರಿದ ಮಹಿಳೆಯರ ಹೆಸರು ಎಲ್ಲರಿಗೂ ಗೊತ್ತು. ಹೊರಟಲ್ಲಿಗೇ ಮರಳುತ್ತಾ ಸುಮಾರು 5,000 ಜನರಿಗೆ ಹಾರಲು ಕಲಿಸಿದವರ ಹೆಸರೂ ಹಾಗೆಯೇ ಗೊತ್ತಿರಬೇಕು.

ಏರಿ, ಬಯಲು ಸುತ್ತಿ, ಮತ್ತೆ ಇಳಿಯುವ ಒಂದು ಸುತ್ತು ಎಂದರೆ ಆರು ನಿಮಿಷ. ಬಯಲು ಸಮುದ್ರಮಟ್ಟದಿಂದ 1,313 ಅಡಿ ಎತ್ತರ; ಸುತ್ತುವುದು ಅದರ ಮೇಲೆ 1,000 ಅಡಿ, ಹಾಗಾಗಿ ಮಾಪಕ ಸುಮಾರು 2,300 ತೋರಿಸಬೇಕು. ಸೆಸ್ನಾ 172 ಆದರೆ ರನ್‌ವೇಗೆ ಸಮಾನಾಂತರವಾಗಿ 90 ನಾಟ್ (ಗಂಟೆಗೆ ಸುಮಾರು 167 ಕಿಲೋಮೀಟರ್) ವೇಗದಲ್ಲಿ ಬಂದು, ಇಳಿಯುವ ತುದಿಯ ನೇರಕ್ಕೆ ಎಂಜಿನ್ ತಗ್ಗಿಸಿ, ಎರಡು ಸಲ ಎಡಕ್ಕೆ ತಿರುಗಿ, 65 ನಾಟ್‌ನಲ್ಲಿ ನೆಲದತ್ತ. ಎರಡನೆಯ ತಿರುವು ಜೀವ ತೆಗೆಯುವ ಜಾಗ. ಗಾಳಿ ಹಿಂದಿನಿಂದ ತಳ್ಳಿದರೆ ವಿಮಾನ ರನ್‌ವೇಯ ನೇರ ದಾಟಿಹೋಗುತ್ತದೆ. ಕಲಿಯುವವನು ಹೆಚ್ಚು ವಾಲಿಸಲು ಹೆದರಿ, ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂತಿ ಎಳೆಯುತ್ತಾನೆ, ಜೊತೆಗೆ ಕೈಯಿಂದ ಹಿಂದಕ್ಕೂ ಜಗ್ಗುತ್ತಾನೆ. ಒಳಬದಿಯ ರೆಕ್ಕೆ ಮೊದಲು ಎತ್ತುವ ಬಲ ಕಳೆದುಕೊಂಡು ವಿಮಾನ ಗಿರಕಿ ಹೊಡೆಯುತ್ತದೆ. ಐನೂರು ಅಡಿಯಲ್ಲಿ ಅದನ್ನು ಸರಿಪಡಿಸಲು ಎತ್ತರವೇ ಸಾಲದು. ದಾರಿ ತಪ್ಪಿದರೆ ತಿದ್ದಲು ಹೋಗದೆ ಎಂಜಿನ್ ಪೂರ್ತಿ ಕೊಟ್ಟು ಮತ್ತೊಂದು ಸುತ್ತು ಹೋಗು ಎಂದು ಬೋಧಕರು ಕಲಿಸುವುದು ಇದಕ್ಕೇ.

ಇಳಿಯುವಾಗ ಆಗುವ ತಪ್ಪು ಬೇಲಿಯಿಂದಲೇ ಕಾಣುತ್ತದೆ. ಕಣ್ಣು ಚಕ್ರದ ಹತ್ತಿರದ ನೆಲಕ್ಕೆ ನೆಟ್ಟಿದ್ದರೆ ಎತ್ತರದ ಅಂದಾಜು ಸಿಗದು, ರನ್‌ವೇಯ ಕೊನೆಯತ್ತ ನೋಡಬೇಕು. ಬಿರುಸಾಗಿ ತಾಗಿ ಪುಟಿದ ವಿಮಾನವನ್ನು ಮೂತಿ ಒತ್ತಿ ಇಳಿಸಲು ಹೋದರೆ ಮುಂದಿನ ಚಕ್ರ ಮೊದಲು ಬಡಿಯುತ್ತದೆ, ಮತ್ತೂ ಜೋರಾಗಿ ಪುಟಿಯುತ್ತದೆ. ಎರಡನೆಯದೋ ಮೂರನೆಯದೋ ನೆಗೆತಕ್ಕೆ ಮುಂಗಾಲು ಮುರಿಯುತ್ತದೆ. ಬಲಗಡೆ ಕೂತ ಬೋಧಕಿ ಎಷ್ಟು ಹೊತ್ತು ಕೈ ಹಾಕದೆ ಕಾಯಬೇಕು, ಯಾವ ಕ್ಷಣಕ್ಕೆ ಹಾಕಬೇಕು ಎಂಬುದೇ ಈ ಕಸುಬು. ಬೇಗ ಹಾಕಿದರೆ ಎದುರಿನವರು ಕಲಿಯುವುದಿಲ್ಲ, ತಡವಾದರೆ ವಿಮಾನ ಉಳಿಯುವುದಿಲ್ಲ. ಎಂಜಿನ್ ಕೆಟ್ಟ ಸಂದರ್ಭಗಳನ್ನೂ ಕಂಡ ಎವೆಲಿನ್ ಒಮ್ಮೆಯೂ ವಿಮಾನವನ್ನು ನೆಲಕ್ಕಪ್ಪಳಿಸಲಿಲ್ಲ.

ಇಲ್ಲಿಗೆ ಬರಲು ಹವೆ ನೋಡಿಕೊಳ್ಳಿ. ಶರತ್ಕಾಲದ ಬೆಳಗ್ಗೆ ಹಿನ್ನೀರಿನ ತೇವದಿಂದ ಕಣಿವೆಯಲ್ಲಿ ಮಂಜು ಮಲಗಿರುತ್ತದೆ. ಗಾಳಿಯ ಉಷ್ಣಾಂಶಕ್ಕೂ ಇಬ್ಬನಿಬಿಂದುವಿಗೂ (ತೇವ ಹನಿಗಟ್ಟುವ ಉಷ್ಣಾಂಶ) ಎರಡು ಡಿಗ್ರಿಯಷ್ಟೇ ಅಂತರವಿದ್ದರೆ ಹತ್ತು ಗಂಟೆಗೆ ಮುಂಚೆ ಏನೂ ಹಾರದೆನ್ನಿ. ಇದೇ ತೇವ ಹಳೆಯ ಎಂಜಿನ್‌ಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನಲ್ಲಿ, ಹೊರಗೆ 20 ಡಿಗ್ರಿ ಬೆಚ್ಚಗಿದ್ದರೂ, ಹಿಮ ಕಟ್ಟಿಸುತ್ತದೆ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಶಾಖ ಅಷ್ಟು ಇಳಿಯುತ್ತದೆ. ಹಿಮ ಕರಗಿಸಲು ಬಿಸಿಗಾಳಿ ಬಿಡುವ ಹಿಡಿ ಎಳೆದ ಕೂಡಲೇ ಕರಗಿದ ನೀರು ಎಂಜಿನ್‌ಗೆ ಹೊಕ್ಕು ಅದು ಇನ್ನೂ ಒರಟಾಗಿ ಕೆಮ್ಮುತ್ತದೆ. ಹೊಸಬರು ಗಾಬರಿಯಾಗಿ ಹಿಡಿಯನ್ನು ಮತ್ತೆ ಒಳಗೆ ತಳ್ಳಿಬಿಡುತ್ತಾರೆ. ಅರ್ಧ ನಿಮಿಷ ಸಹಿಸಿದರೆ ಎಂಜಿನ್ ತಾನಾಗಿ ತಿಳಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನದ ತೊಂದರೆ ಬೇರೆ. 35 ಡಿಗ್ರಿ ಬಿಸಿಲಲ್ಲಿ ಗಾಳಿ ತೆಳುವಾಗಿ, ಈ ರನ್‌ವೇ 4,000 ಅಡಿ ಎತ್ತರದಲ್ಲಿರುವಂತೆ ವಿಮಾನ ವರ್ತಿಸುತ್ತದೆ. ಓಡುವ ದೂರ ಹೆಚ್ಚು, ಏರುವ ವೇಗ ಕಡಿಮೆ.

ಒಳಗೆ ಹೋಗಬೇಕಾದರೆ ಕಚೇರಿಯಲ್ಲಿ ಕೇಳಿಯೇ ಹೋಗಿ. ವಿಮಾನ ನಿಲ್ಲುವ ಅಂಗಳಕ್ಕೆ ಕಾಲಿಟ್ಟಾಗ ನಿಂತಿರುವ ಪ್ರೊಪೆಲ್ಲರನ್ನೂ ತಿರುಗುತ್ತಿದೆ ಎಂದೇ ತಿಳಿದು ದೂರವಿರಿ. 1958ರಲ್ಲಿ ಇದೇ ನಿಲ್ದಾಣದಲ್ಲಿ ಒಂದು ಹೆಲಿಕಾಪ್ಟರ್ ಕೆಳಗೆ ಬಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು. ಎವೆಲಿನ್ ತಿರುಗುವ ರೆಕ್ಕೆಗಳ ಕೆಳಗೆ ನುಸುಳಿ, ಎಂಜಿನ್ ಆರಿಸಿ, ಬೆಂಕಿ ಹತ್ತದಂತೆ ನೊರೆ ಸಿಂಪಡಿಸಿದರು. ಆ ಧೈರ್ಯಕ್ಕೆ ಕಾರ್ನೆಗಿ ಪದಕ ಬಂತು. ವಾಲಿದ ಹೆಲಿಕಾಪ್ಟರ್‌ನ ರೆಕ್ಕೆ ಒಂದು ಬದಿಯಲ್ಲಿ ಆಳೆತ್ತರಕ್ಕಿಂತ ಕೆಳಗೆ ಬೀಸುತ್ತಿರುತ್ತದೆ ಎಂಬುದು ಗೊತ್ತಿದ್ದವರಿಗೆ ಅದು ಎಂಥ ಕೆಲಸವೆಂದು ತಿಳಿಯುತ್ತದೆ.

ಕಲಿಸುವುದರ ಜೊತೆಗೆ ಸರ್ಕಾರದ ಪರೀಕ್ಷಕಿಯಾಗಿ 9,000ಕ್ಕೂ ಹೆಚ್ಚು ಪರೀಕ್ಷೆ ನಡೆಸಿದರು. ಕಣ್ಣಿನ ಗ್ಲಾಕೋಮಾ ಹಾರಾಟ ನಿಲ್ಲಿಸಿತು. 2006ರ ಕಾರು ಅಪಘಾತದಲ್ಲಿ ಒಂದು ಕಾಲು ಹೋಯಿತು. ಆಗ 96 ವರ್ಷ. ಮತ್ತೆ ಇದೇ ಕಚೇರಿಗೆ ಕೆಲಸಕ್ಕೆ ಬಂದರು. ತೀರಿಕೊಂಡದ್ದು 2012ರ ಮೇ 10ರಂದು, 102ನೆಯ ವಯಸ್ಸಿನಲ್ಲಿ.

ಸಂಜೆ ಗಾಳಿ ಇಳಿಯುವವರೆಗೆ ಕಾಯಿರಿ. ಕಲಿಯುವವರನ್ನು ಮೊದಲ ಸಲ ಒಬ್ಬರನ್ನೇ ಬಿಡುವುದು ಇಂಥ ಹೊತ್ತಿಗೇ. ವಿಮಾನ ಬದಿಗೆ ನಿಲ್ಲುತ್ತದೆ, ಬಲಗಡೆಯ ಬಾಗಿಲು ತೆರೆದು ಬೋಧಕರು ಇಳಿಯುತ್ತಾರೆ, ಖಾಲಿ ಸೀಟಿನ ಬೆಲ್ಟನ್ನು ಅಡ್ಡ ಬರದಂತೆ ಬಿಗಿಯುತ್ತಾರೆ. ಎಪ್ಪತ್ತು ಕಿಲೋ ಕಡಿಮೆಯಾದ ವಿಮಾನ ಬೇಗ ನೆಲ ಬಿಡುತ್ತದೆ, ಇಳಿಯುವಾಗಲೂ ಹೆಚ್ಚು ದೂರ ತೇಲುತ್ತದೆ. ಇದನ್ನು ಮೊದಲೇ ಹೇಳಿರುತ್ತಾರೆ. ಆಮೇಲಿನ ಆರು ನಿಮಿಷ ಹುಲ್ಲಿನ ಅಂಚಿನಲ್ಲಿ ನಿಂತವರ ಕೈಯಲ್ಲಿ ಮಾಡಲು ಏನೂ ಇರುವುದಿಲ್ಲ.