ಪಾಸ್‌ಪೋರ್ಟ್ ಮರೆಯಬೇಡ

ಕರೆಯೋಲೆಯಲ್ಲಿ ಮುಹೂರ್ತವೇ ಇರಲಿಲ್ಲ. ಮೊಬೈಲಿಗೆ ಬಂದ ಸಂದೇಶ ಇಷ್ಟೇ: ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನ್ಯೂಯಾರ್ಕಿನ 141, ವರ್ತ್ ಸ್ಟ್ರೀಟಿಗೆ ಬಾ, ನಡೆದಾಡಲು ಹಿತವಾದ ಚಪ್ಪಲಿ ಹಾಕಿಕೋ, ಉಡುಗೊರೆ ಬೇಡ, ಪಾಸ್‌ಪೋರ್ಟ್ ಮರೆಯಬೇಡ. ಕೊನೆಯ ಮಾತನ್ನು ಗೆಳೆಯ ಮತ್ತೆರಡು ಸಲ ಕಳುಹಿಸಿದ. ಅವನ ಮದುವೆಗೆ ನಾನೇ ಸಾಕ್ಷಿ. ಸಾಕ್ಷಿಯ ಬಳಿ ಗುರುತಿನ ಚೀಟಿ ಇರದಿದ್ದರೆ ಮದುವೆ ಮುಂದೆ ಸಾಗುವುದಿಲ್ಲ.

ಗೆಳೆಯನ ತಾಯಿಯನ್ನು ನಾನೂ ಅಮ್ಮ ಎಂದೇ ಕರೆಯುವುದು. ನನ್ನ ಜೊತೆಗೇ ವಿಮಾನ ಹತ್ತಿದ ಅವರಿಗೆ ದಾರಿಯುದ್ದಕ್ಕೂ ಒಂದೇ ಚಿಂತೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅಷ್ಟರೊಳಗೆ ಮುಗಿದೀತೇ? ಮಗ ನಕ್ಕು, "ಅಲ್ಲಿ ಟೋಕನ್ ಸಂಖ್ಯೆಯೇ ಮುಹೂರ್ತ ಅಮ್ಮಾ" ಎಂದಿದ್ದ.

ಅದು ಹಾಸ್ಯವಲ್ಲ ಎಂದು ಅಲ್ಲಿಗೆ ಹೋದ ಮೇಲೆಯೇ ತಿಳಿದದ್ದು. ನಗರಾಡಳಿತದ ವಿವಾಹ ಕಚೇರಿ 2009ರಿಂದ ಆ ಕಟ್ಟಡದಲ್ಲಿದೆ. ಮೊದಲು 35 ಡಾಲರ್ ಕೊಟ್ಟು ಪರವಾನಗಿ ಪಡೆಯಬೇಕು, ಅದಾಗಿ 24 ಗಂಟೆ ಕಾಯಬೇಕು, 60 ದಿನದೊಳಗೆ ಮದುವೆಯಾಗಬೇಕು. ಮದುವೆ ಮಾಡಿಸುವುದಕ್ಕೆ ಇನ್ನೊಂದು 25 ಡಾಲರ್. ಒಟ್ಟು 60. ಆ ಊರಿನಲ್ಲಿ ಅಷ್ಟು ದುಡ್ಡಿಗೆ ನಾಲ್ವರು ನೆಮ್ಮದಿಯಾಗಿ ಉಂಡು ಏಳುವುದೂ ಕಷ್ಟ. ಶನಿವಾರ, ಭಾನುವಾರ ಕಚೇರಿಗೆ ರಜೆಯಾದ್ದರಿಂದ ನಮ್ಮ ಮೂರು ದಿನದ ಸಂಭ್ರಮ ಶುಕ್ರವಾರವೇ ಆರಂಭವಾಗಬೇಕಾಯಿತು.

ಒಳಗೆ ಉದ್ದನೆಯ ಹಜಾರ, ಗೋಡೆಯ ಮೇಲೆ ಸಂಖ್ಯೆ ತೋರಿಸುವ ಪರದೆಗಳು. ಬ್ಯಾಂಕಿನಲ್ಲಿ ಕುಳಿತ ಹಾಗೆ ವಧುವರರು ಕುಳಿತಿದ್ದರು. ನೆಲ ಗುಡಿಸುವಷ್ಟು ಉದ್ದದ ಬಿಳಿ ಗೌನಿನವಳು ಒಂದು ಕಡೆ, ಅವಳ ಪಕ್ಕದಲ್ಲೇ ಜೀನ್ಸ್ ತೊಟ್ಟ, ನರೆತ ಕೂದಲಿನ ಜೋಡಿ. ಅಮ್ಮನ ಕಣ್ಣು ಮಾತ್ರ ಪರದೆ ಮತ್ತು ಕೈಗಡಿಯಾರದ ನಡುವೆ ಓಡಾಡುತ್ತಿತ್ತು. ಕೌಂಟರಿನಲ್ಲಿ ನನ್ನ ಪಾಸ್‌ಪೋರ್ಟ್ ನೋಡಿ ಸಹಿ ಹಾಕಿಸಿಕೊಂಡರು. ನಮ್ಮ ಸಂಖ್ಯೆ ಬಂದಾಗ ಹತ್ತು ಗಂಟೆ ನಲವತ್ತು ನಿಮಿಷ.

ಎಲ್ಲರೂ ಅಮ್ಮನ ಮುಖ ನೋಡಿದೆವು. ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿ, "ನಮ್ಮೂರಿನಲ್ಲಿ ಈಗ ರಾತ್ರಿ ಎಂಟು ದಾಟಿದೆ. ರಾಹುಕಾಲ ಆಗಲೇ ಮುಗಿದಿದೆ, ನಡೆಯಿರಿ" ಎಂದು ಸೆರಗು ಸರಿಪಡಿಸಿಕೊಂಡು ತಾವೇ ಮುಂದೆ ಹೊರಟರು.

ಒಳಗಿನ ಪುಟ್ಟ ಕೋಣೆಯಲ್ಲಿ ಅಧಿಕಾರಿ ನಾಲ್ಕು ವಾಕ್ಯ ಓದಿದರು, ಇಬ್ಬರೂ ಒಪ್ಪಿಗೆ ಎಂದರು, ಉಂಗುರ ಬದಲಾಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಹೊರಬರುವಾಗ ಆ ನರೆತ ಕೂದಲಿನವರು ನನ್ನನ್ನು ತಡೆದು, ತಮ್ಮ ಜೊತೆ ಯಾರೂ ಬಂದಿಲ್ಲ, ಸಾಕ್ಷಿಯಾಗುವಿರಾ ಎಂದು ಕೇಳಿದರು. ಹೇಗೂ ಪಾಸ್‌ಪೋರ್ಟ್ ಜೇಬಿನಲ್ಲೇ ಇತ್ತು. ಹೀಗೆ ಒಂದೇ ಬೆಳಿಗ್ಗೆ ಎರಡು ಮದುವೆಗೆ ಸಾಕ್ಷಿಯಾದೆ. ಒಳಗೆ ಎರಚಲು ಸಂಕೋಚಪಟ್ಟಿದ್ದ ಅಮ್ಮ, ಕರವಸ್ತ್ರದ ಗಂಟು ಬಿಚ್ಚಿ ಪಾದಚಾರಿ ಮಾರ್ಗದಲ್ಲಿ ಎರಡು ಜೋಡಿಗೂ ಸಮನಾಗಿ ಅಕ್ಷತೆ ಹಾಕಿದರು.

ಸಂಜೆ ಆರತಕ್ಷತೆ. ಅದು ನಡೆದದ್ದು ಸ್ಟೇಟನ್ ಐಲೆಂಡ್ ಫೆರಿಯಲ್ಲಿ. ಕೆಲಸ ಮುಗಿಸಿ ಮನೆಗೆ ಹೋಗುವವರು ತುಂಬಿದ ಆ ಕಿತ್ತಳೆ ಬಣ್ಣದ ಹಡಗಿಗೆ 1997ರಿಂದ ಟಿಕೆಟ್ಟೇ ಇಲ್ಲ. ಸುಮಾರು 25 ನಿಮಿಷದ ಪಯಣ, ಬಲಗಡೆಗೆ ಲಿಬರ್ಟಿ ಪ್ರತಿಮೆ. ಬೆಂಚಿನ ಮೇಲೆ ಕೇಕಿನ ಡಬ್ಬಿ ತೆರೆದಾಗಲೇ ಚಾಕು ಯಾರೂ ತಂದಿಲ್ಲ ಎಂದು ಗೊತ್ತಾದದ್ದು. ಮದುಮಗಳು ಪರ್ಸಿನಿಂದ ಹಣ ಖಾಲಿಯಾಗಿದ್ದ ಹಳದಿ ಮೆಟ್ರೊಕಾರ್ಡ್ ತೆಗೆದು, ಕಾಗದದಿಂದ ಎರಡೂ ಬದಿ ಒರೆಸಿ, ಅದರಿಂದಲೇ ಕತ್ತರಿಸಿದಳು. ಅಂಚಿಗೆ ಅಂಟಿದ ಕೆನೆಯನ್ನು ಮದುಮಗ ನೆಕ್ಕಿದ. ಎದುರು ಕುಳಿತು ನಿದ್ದೆ ತೂಗುತ್ತಿದ್ದ ಅಪರಿಚಿತನಿಗೂ ಒಂದು ತುಂಡು ಸಿಕ್ಕಿತು. ಆಚೆ ದಡದಲ್ಲಿ ಎಲ್ಲರೂ ಇಳಿಯಲೇಬೇಕು, ಇಳಿದು ಸುತ್ತಿ ಬಂದು ಮತ್ತೆ ಹತ್ತಬೇಕು. ನಾವು ಮೂರು ಸಲ ಹೋಗಿ ಬಂದೆವು. ಇಷ್ಟು ಅಗ್ಗದ, ಇಷ್ಟು ಗಾಳಿ ಬೆಳಕಿನ ಛತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶನಿವಾರ ಬ್ರೂಕ್ಲಿನ್ ಸೇತುವೆ ದಾಟುವ ಮೆರವಣಿಗೆ. ಮದುಮಗಳು ಸಿವಿಲ್ ಎಂಜಿನಿಯರ್, ಆ ದಾರಿ ಅವಳದೇ ಆಯ್ಕೆ. ಕಲ್ಲಿನ ಕಮಾನಿನ ಕೆಳಗೆ ನಿಂತು ಎಮಿಲಿ ರೋಬ್ಲಿಂಗ್ ಎಂಬಾಕೆಯ ಕಥೆ ಹೇಳಿದಳು. ನದಿಯ ತಳದಲ್ಲಿ ಅಡಿಪಾಯ ತೋಡಲು ಒತ್ತಿದ ಗಾಳಿ ತುಂಬಿದ ಕೋಣೆಗಳನ್ನು ಇಳಿಸಿದ್ದರು. ಅವುಗಳೊಳಗೆ ಇಳಿದು ಹತ್ತಿ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕಾಯಿಲೆ ಬಿದ್ದ. ಆತ ಮನೆಯಲ್ಲೇ ಉಳಿದಾಗ, ಗಣಿತವನ್ನೂ ಉಕ್ಕಿನ ಹಗ್ಗಗಳ ಶಾಸ್ತ್ರವನ್ನೂ ಕಲಿತು, ಹತ್ತು ವರ್ಷ ಗಂಡನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸಿ ನಡೆಸಿದವಳು ಹೆಂಡತಿ ಎಮಿಲಿ. 1883ರಲ್ಲಿ ಸೇತುವೆ ಮುಗಿದಾಗ ಗೆಲುವಿನ ಗುರುತಾಗಿ ಹುಂಜವೊಂದನ್ನು ಮಡಿಲಲ್ಲಿಟ್ಟುಕೊಂಡು, ಗಾಡಿಯಲ್ಲಿ ಸೇತುವೆಯನ್ನು ಎಲ್ಲರಿಗಿಂತ ಮೊದಲು ದಾಟಿದಳಂತೆ. ಮಗ ಇದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೂ ಹುಂಜ ತರುತ್ತೀಯಾ ಹೇಗೆ?" ಎಂದರು. ಅನುವಾದ ತಲುಪುವಷ್ಟರಲ್ಲಿ ಸೊಸೆ ಅರ್ಥ ಮಾಡಿಕೊಂಡು ನಗುತ್ತಿದ್ದಳು.

ಭಾನುವಾರ ಕೋನಿ ಐಲೆಂಡ್. ಅಲ್ಲಿಯ ವಂಡರ್ ವೀಲ್ ಎಂಬ ಜಯಂಟ್ ವೀಲ್ 1920ರಿಂದ ತಿರುಗುತ್ತಿದೆ, 150 ಅಡಿ ಎತ್ತರ. ಅದರ 24 ತೊಟ್ಟಿಲುಗಳಲ್ಲಿ ಎಂಟು ಮಾತ್ರ ನೆಟ್ಟಗೆ ನಿಲ್ಲುತ್ತವೆ. ಉಳಿದ ಹದಿನಾರು ಚಕ್ರ ತಿರುಗಿದಂತೆ ಒಳಗಿನ ಹಳಿಯ ಮೇಲೆ ಸರ್ರನೆ ಜಾರುತ್ತವೆ. ಎರಡಕ್ಕೂ ಬೇರೆ ಬೇರೆ ಸಾಲು. ಎದೆಗಾರಿಕೆ ಸಾಲದ ನಾನು ನೆಟ್ಟಗಿನ ಸಾಲಿನಲ್ಲಿ ನಿಂತು, ಅಮ್ಮನಿಗೆ ಪಕ್ಕದಲ್ಲಿ ಜಾಗ ಬಿಟ್ಟೆ. ಅವರು ನನ್ನನ್ನು ದಾಟಿ ಮಗ ಸೊಸೆಯ ಹಿಂದೆ ಜಾರುವ ಸಾಲಿಗೆ ಹೋದರು.

ಮೇಲಿನಿಂದ ಅವರ ತೊಟ್ಟಿಲು ಜಾರಿದ್ದು ಕಂಡಿತು. ಮದುಮಗನ ಕಿರುಚಾಟ ಸಮುದ್ರದವರೆಗೂ ಕೇಳಿಸಿರಬೇಕು. ಕೆಳಗಿಳಿದಾಗ ಅವನು ಕಂಬ ಹಿಡಿದು ನಿಂತಿದ್ದ. ಅಮ್ಮ ಜಡೆ ಬಿಗಿದುಕೊಳ್ಳುತ್ತಾ ನನ್ನ ಬಳಿ ಬಂದು ಹೇಳಿದರು: "ಅವನು ಇಲ್ಲೇ ಇರಲಿ. ನನಗೂ ಸೊಸೆಗೂ ಇನ್ನೆರಡು ಟಿಕೆಟ್ ತೆಗೆಯಪ್ಪಾ."