ಎಷ್ಟು ಕರೆದರೂ ದ್ವೀಪದವರು ಯಾಕೆ ಉತ್ತರ ಕೊಡುವುದಿಲ್ಲ?

ಕಲಬುರಗಿಯಲ್ಲಿ ಹೊಸದಾಗಿ ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ನಡೆಸುವ ರೇಡಿಯೋ ಸ್ಟೇಷನ್) ಲೈಸೆನ್ಸ್ ತೆಗೆದುಕೊಂಡ ಹುಡುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಸರ್, ದೂರದ ದ್ವೀಪದಿಂದ ಯಾರೋ ಮಾತಾಡ್ತಿರ್ತಾರ. ಎಷ್ಟ್ ಕರದ್ರೂ ನಮ್ ಕಾಲ್ ತಗೋವಲ್ರು. ಪವರ್ ಜಾಸ್ತಿ ಬೇಕೇನ್ರಿ?"

ಬಹಳ ಸಲ ಇರುವ ಪವರ್ರೇ ಸಾಕು. ಮಾಳಿಗೆ ಮೇಲೆ ಕಟ್ಟಿದ ಸಾದಾ ಡೈಪೋಲ್, ಅಂದರೆ ತಂತಿಯ ಆಂಟೆನಾ, ಸಾಕು. ಇಪ್ಪತ್ತು ಮೀಟರ್ ಬ್ಯಾಂಡಿಗೆ (14 ಮೆಗಾಹರ್ಟ್ಸ್ ಸುತ್ತಿನ ಫ್ರೀಕ್ವೆನ್ಸಿಗಳು) ಅದರ ಉದ್ದ ಸುಮಾರು 10 ಮೀಟರ್ ಅಷ್ಟೇ. ಮೊದಲು ಮೈಕ್ ಕೆಳಗಿಟ್ಟು ಕೇಳಿ ಅನ್ನುತ್ತೇನೆ.

ಹ್ಯಾಮ್‌ಗಳೇ ಇಲ್ಲದ ಜಾಗಕ್ಕೆ ಒಂದು ತಂಡ ರೇಡಿಯೋ, ಆಂಟೆನಾ, ಜನರೇಟರ್ ಹೊತ್ತುಕೊಂಡು ಹೋಗುತ್ತದೆ. ಕೆಲವೇ ದಿನ ಅಲ್ಲಿಂದ ಪ್ರಪಂಚದ ಜೊತೆ ಮಾತಾಡುತ್ತದೆ. ಅದೇ ಡಿಎಕ್ಸ್‌ಪೆಡಿಷನ್. ಅವರಿಗಾಗಿ ಸಾವಿರಾರು ಜನ ಒಟ್ಟಿಗೆ ಕೂಗುತ್ತಾರೆ. ಅದಕ್ಕೆ ಪೈಲ್‌ಅಪ್ ಅನ್ನುತ್ತಾರೆ. ಎಲ್ಲರೂ ತಂಡದ ಫ್ರೀಕ್ವೆನ್ಸಿಯಲ್ಲೇ ಕೂಗಿದರೆ ತಂಡದ ದನಿಯೇ ಮುಳುಗುತ್ತದೆ. ಅದಕ್ಕೆ ಅವರು ಒಂದು ಕಡೆ ಮಾತಾಡಿ ಇನ್ನೊಂದು ಕಡೆ ಕೇಳುತ್ತಾರೆ, ಅಂದರೆ ಸ್ಪ್ಲಿಟ್. 14,195 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತಾ "ಅಪ್ ಫೈವ್" ಅಂದರೆ, ನೀವು 14,200ರ ಸುತ್ತಮುತ್ತ ಕರೆಯಬೇಕು.

ಇಲ್ಲೇ ನಿಜವಾದ ಕೆಲಸ ಇದೆ. ಅವರು ಈಗ ಯಾರಿಗೆ ಉತ್ತರ ಕೊಟ್ಟರು? ಆ ಸ್ಟೇಷನ್ ಎಲ್ಲಿ ಕರೆಯುತ್ತಿತ್ತು? ಎರಡನೇ ವಿಎಫ್ಓ (ರೇಡಿಯೋದಲ್ಲಿ ಫ್ರೀಕ್ವೆನ್ಸಿ ಬದಲಿಸುವ ಭಾಗ) ತಿರುಗಿಸಿ ಹುಡುಕಿ. ಸಿಕ್ಕಿತಾ? ಮುಂದಿನದನ್ನೂ ಹುಡುಕಿ. ಬಹಳ ಆಪರೇಟರ್‌ಗಳು ಒಂದು ಕಡೆಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಯುತ್ತಾ ಹೋಗುತ್ತಾರೆ, ಆಮೇಲೆ ಮತ್ತೆ ಕೆಳಗಿನಿಂದ ಶುರು ಮಾಡುತ್ತಾರೆ. ಆ ನಡಿಗೆ ಗೊತ್ತಾದರೆ ಅವರು ಬರುವ ಜಾಗದಲ್ಲಿ ಮೊದಲೇ ಹೋಗಿ ನಿಲ್ಲಬಹುದು. ಅಲ್ಲಿ ನಿಮ್ಮ ಪೂರ್ತಿ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಕ್ಕ ಅಕ್ಷರ-ಅಂಕಿಗಳ ಗುರುತು) ಒಂದು ಸಲ ಹೇಳಿ, ಸುಮ್ಮನಾಗಿ. ಅವರ ದನಿಯೇ ಕೇಳದಿದ್ದರೆ ಕರೆಯಲೇಬೇಡಿ. ನಿಮಗೇ ಉತ್ತರ ಕೊಟ್ಟರೂ ಗೊತ್ತಾಗುವುದಿಲ್ಲ, ಅಲ್ವಾ?

ಅವರು "ಆಲ್ಫಾ ಬ್ರಾವೋ" (ಅಂದರೆ ಎ, ಬಿ) ಅಂತ ಎರಡೇ ಅಕ್ಷರ ಹೇಳಿದರೆ, ಆ ಅಕ್ಷರ ನಿಮ್ಮ ಕಾಲ್‌ಸೈನ್‌ನಲ್ಲಿ ಇಲ್ಲದಿದ್ದರೆ ಬಾಯಿ ಬಿಡಬೇಡಿ. "ಯುರೋಪ್ ಮಾತ್ರ" ಅಂದರೆ ಚಹಾ ಕುಡಿದು ಬನ್ನಿ. ಯಾರಾದರೂ ತಪ್ಪಿ ಅವರ ಫ್ರೀಕ್ವೆನ್ಸಿಯಲ್ಲೇ ಕರೆದುಬಿಟ್ಟರೆ "ಅಪ್! ಅಪ್!" ಅಂತ ಕಿರುಚುವವರ ಗುಂಪೇ ಇದೆ. ಆ ಮೊದಲ ತಪ್ಪು ಎರಡು ಸೆಕೆಂಡಿನದ್ದು. ಈ ಪೊಲೀಸರ ಗದ್ದಲ ಮುಗಿಯುವುದೇ ಇಲ್ಲ. ನನಗೆ ಇದರಷ್ಟು ಸಿಟ್ಟು ಬರಿಸುವುದು ಬೇರೆ ಇಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಅನ್ನುವವರಿಗೆ ನಾನು ಬೂವೆ ದ್ವೀಪದ ಕಥೆ ಹೇಳುತ್ತೇನೆ. ಅದು ದಕ್ಷಿಣ ಅಟ್ಲಾಂಟಿಕ್‌ನಲ್ಲಿದೆ, ನಾರ್ವೆಗೆ ಸೇರಿದ್ದು. ಜನವಸತಿ ಇಲ್ಲ, ಬಂದರು ಇಲ್ಲ, ಬಹುತೇಕ ಎಲ್ಲಾ ಹಿಮ. 2023ರಲ್ಲಿ 'ತ್ರೀ ವೈ ಝೀರೋ ಜೆ' ಅನ್ನುವ ಕಾಲ್‌ಸೈನ್‌ನ ತಂಡ ಹಾಯಿಹಡಗಿನಲ್ಲಿ ಅಲ್ಲಿಗೆ ಹೋಯಿತು. ರಬ್ಬರ್ ದೋಣಿಯಿಂದ ಇಳಿದು, ಅಲೆಗಳ ನಡುವೆ ಕೊರೆಯುವ ನೀರಿನಲ್ಲಿ ಸಾಮಾನು ಎಳೆದು ದಡ ಸೇರಿಸಬೇಕಾಯಿತು. ಅಂದುಕೊಂಡಷ್ಟು ಸಲಕರಣೆ ಇಳಿಸಲು ಆಗಲಿಲ್ಲ. ಇದ್ದಷ್ಟರಲ್ಲೇ, ಕಡಿಮೆ ಪವರ್‌ನಲ್ಲಿ ಕೆಲಸ ಮಾಡಿದರು. ಅಲ್ಲಿ ಟೆಂಟಿನಲ್ಲಿ ಕೂತು ಕರ್ಕಶ ಗದ್ದಲದಲ್ಲಿ ಒಂದೊಂದೇ ಕಾಲ್‌ಸೈನ್ ಹೆಕ್ಕುವವರ ಒಂದೊಂದು ನಿಮಿಷಕ್ಕೂ ಪ್ರಪಂಚದ ಎಲ್ಲ ಹ್ಯಾಮ್‌ಗಳೂ ಪಾಲುದಾರರು. ಒಮ್ಮೆ ಸಿಕ್ಕ ಬ್ಯಾಂಡಿನಲ್ಲೇ ಅದೇ ಮೋಡ್‌ನಲ್ಲಿ (ಮಾತು, ಮೋರ್ಸ್ ಹೀಗೆ ಕಳಿಸುವ ಬಗೆ) "ಇರಲಿ, ಇನ್ನೊಂದು ಸಲ" ಅಂತ ಕರೆದರೆ ಬೇರೊಬ್ಬರ ಪಾಲು ಹೋಯಿತು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ನಮಗೆ ಹತ್ತಿರದ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ತಂಡ 2004ರ ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೋಗಿತ್ತು, ಭಾರತಿ ಪ್ರಸಾದ್ ಅವರ ಮುಂದಾಳತ್ವದಲ್ಲಿ. ಅಂಡಮಾನ್ ಅಂದರೆ ಪ್ರಪಂಚದ ಹ್ಯಾಮ್‌ಗಳು ವರ್ಷಗಟ್ಟಲೆ ಕಾದಿದ್ದ ಜಾಗ. 26ನೇ ತಾರೀಖು ಸುನಾಮಿ ಬಂತು. ಫೋನ್ ಕೆಟ್ಟವು. ಅವರು ಪೈಲ್‌ಅಪ್ ಬಿಟ್ಟು, ಪೋರ್ಟ್ ಬ್ಲೇರ್‌ನಿಂದ ತುರ್ತು ಸಂದೇಶ ಕಳಿಸಲು ಕೂತರು. ಅಂಥ ಹೊತ್ತಿನಲ್ಲಿ ಫ್ರೀಕ್ವೆನ್ಸಿ ಖಾಲಿ ಬಿಟ್ಟು ದೂರ ನಿಲ್ಲುವುದೇ ನಮ್ಮ ಪಾಲಿನ ಕೆಲಸ.

ಇನ್ನು ಥ್ಯಾಂಕ್ಸ್ ಹೇಳುವ ವಿಷಯ. ಪೈಲ್‌ಅಪ್‌ನಲ್ಲಿ "ಫೈವ್ ನೈನ್ (ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ), ಥ್ಯಾಂಕ್ಯೂ" ಅಂದರೆ ಮುಗಿಯಿತು. ನಿಮ್ಮ ಊರು, ಹವಾಮಾನ, ಆಂಟೆನಾ ಯಾವುದೂ ಅವರಿಗೆ ಆಗ ಬೇಡ. ಲಾಗ್‌ನಲ್ಲಿ (ಯಾರ ಜೊತೆ ಮಾತಾಯಿತು ಅನ್ನುವ ದಾಖಲೆ) ನಿಮ್ಮ ಕಾಲ್‌ಸೈನ್ ಕಾಣಲಿಲ್ಲ ಅಂತ ಮರುದಿನವೇ ಮೇಲ್ ಹಾಕಬೇಡಿ, ಅವರು ಮನೆ ಸೇರಲಿ. ಕ್ಯೂಎಸ್ಎಲ್ ಕಾರ್ಡ್ (ಮಾತಾಡಿದ್ದಕ್ಕೆ ಗುರುತಿನ ಕಾರ್ಡ್) ಕೇಳುವಾಗ ಅದರ ಖರ್ಚಿನ ಜೊತೆ ಕೈಲಾದಷ್ಟು ಸೇರಿಸಿ. ಮೊದಲೇ ಕಳಿಸಿದರೆ ಇನ್ನೂ ಒಳ್ಳೇದು, ಹಡಗಿನ ಬಾಡಿಗೆಗೆ ದೊಡ್ಡ ಮೊತ್ತ ಬೇಕು.

2018ರಲ್ಲಿ ಇನ್ನೊಂದು ತಂಡ ಅದೇ ಬೂವೆ ದ್ವೀಪ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿತ್ತು. ಹವಾಮಾನ ಇಳಿಯಲು ಬಿಡಲಿಲ್ಲ, ಹಡಗಿನ ಎಂಜಿನ್ ಕೆಟ್ಟಿತು, ಕೇಪ್‌ಟೌನ್‌ಗೆ ತಿರುಗಬೇಕಾಯಿತು. ಯಾರ ಲಾಗ್‌ಗೂ ಅವರಿಂದ ಒಂದು ಸಾಲೂ ಬರಲಿಲ್ಲ. ಹೀಗೆ ಬರಿಗೈಯಲ್ಲಿ ಬಂದವರಿಗೂ ಎರಡು ಸಾಲು ಬರೆಯಿರಿ ಅಂತ ಹುಡುಗರಿಗೆ ಹೇಳುತ್ತೇನೆ. ಅವರು ಹೊರಟಿದ್ದು ನಮಗಾಗಿಯೂ ಹೌದು.